ಆ ವರ್ಷ ಮರ್ಲಿನ್ ಮನ್ರೋಗೆ ನಿಜಕ್ಕೂ ಹುಷಾರಿರ್ಲಿಲ್ಲ

ಆಗಸ್ಟ್ ಬಂತು ಅಂದ್ರೆ ಸಾಕು, ವಾಟ್ಸಾಪಲ್ಲಿ 1962ರ ಆಗಸ್ಟಲ್ಲಿ ಸತ್ತ ಹಾಲಿವುಡ್ ನಟಿ ಮರ್ಲಿನ್ ಮನ್ರೋನ ಕೊಂದಿದ್ದು ಯಾರು ಅನ್ನೋ ರೀಲ್ ಓಡಾಡೋಕೆ ಶುರುವಾಗತ್ತೆ. ಆಗಿನ ಅಮೆರಿಕ ಅಧ್ಯಕ್ಷ ಕೆನಡಿ ಫೋಟೋ, ಮಾಫಿಯಾ, ಸಿಐಎ, ಹಿಂದ್ಗಡೆ ಎದೆ ಧಸಕ್ ಅನ್ನೋ ಮ್ಯೂಸಿಕ್ಕು. ಈ ಸಲ ನಮ್ಮ ತೀರ್ಥಹಳ್ಳಿ ಗ್ರೂಪಿಗೂ ಬಂತು, ಅದರ ಕೆಳಗೆ ಪರಿಚಯದವ್ರೇ ಒಬ್ರು "ಕೊಂದಿದ್ದು ಯಾರೂ ಅಲ್ಲ, ಕುಡಿದು ಮಾತ್ರೆ ನುಂಗಿ, ಶೂಟಿಂಗಿಗೂ ಹೋಗ್ದೆ ತಾನೇ ಹಾಳಾದ್ಲು" ಅಂತ ಹಾಕಿದ್ರು. ಅಲ್ಲೇ ಉತ್ತರ ಕೊಡೋಣ ಅಂತ ಟೈಪ್ ಮಾಡ್ತಾ ಹೋದೆ, ಉದ್ದ ಆಯ್ತು, ಅದಕ್ಕೆ ಇಲ್ಲಿ ಹಾಕ್ತಾ ಇದೀನಿ.

ಮೊದಲು ಕುಡಿತದ ವಿಷ್ಯ. ಪೋಸ್ಟ್ ಮಾರ್ಟಮ್ ರಿಪೋರ್ಟಲ್ಲಿ ಅವಳ ರಕ್ತದಲ್ಲಿ ಆಲ್ಕೋಹಾಲ್ ಇರ್ಲಿಲ್ಲ. ಸಿಕ್ಕಿದ್ದು ಎರಡು ಥರದ ನಿದ್ದೆ ಔಷಧಿ. ಅದರ ಬಗ್ಗೆ ಆಮೇಲೆ ಹೇಳ್ತೀನಿ, ಯಾಕಂದ್ರೆ ನಾನು ಮೆಡಿಕಲ್ ಶಾಪ್ ನಡೆಸೋನು, ನಂಗೆ ಈ ಇಡೀ ಕತೆಲಿ ಹೊಟ್ಟೆ ಉರಿಯೋದು ಅಲ್ಲೇ.

ಶೂಟಿಂಗಿಗೆ ಹೋಗ್ಲಿಲ್ಲ ಅನ್ನೋದಕ್ಕೆ ಬರೋಣ. 1962 ಏಪ್ರಿಲ್ 23ಕ್ಕೆ ಫಾಕ್ಸ್ ಸ್ಟುಡಿಯೋದಲ್ಲಿ ಅವಳ ಹೊಸ ಸಿನಿಮಾ ಶುರು, 'ಸಮ್‌ಥಿಂಗ್ಸ್ ಗಾಟ್ ಟು ಗಿವ್', ಡೈರೆಕ್ಟರ್ ಜಾರ್ಜ್ ಕ್ಯೂಕರ್, ಹೀರೋ ಡೀನ್ ಮಾರ್ಟಿನ್. ಮೊದಲ್ನೇ ದಿನವೇ ಅವಳು ಬರ್ಲಿಲ್ಲ. ಸೈನಸ್ ಇನ್ಫೆಕ್ಷನ್, ಜ್ವರ. ಸ್ಟುಡಿಯೋ ಡಾಕ್ಟ್ರೇ ನೋಡಿ ಹೌದು ಹುಷಾರಿಲ್ಲ ಅಂದಿದ್ರು. ಆದ್ರೂ ಸೆಟ್ಟಲ್ಲಿ, ಪೇಪರಲ್ಲಿ ಎಲ್ಲ ಕಡೆ 'ನಾಟಕ ಆಡ್ತಾಳೆ' ಅನ್ನೋ ಮಾತೇ. ಅದರ ಹಿಂದಿನ ವರ್ಷ ಅಂದ್ರೆ 1961ರಲ್ಲಿ ಅವಳಿಗೆ ಆರ್ಥರ್ ಮಿಲ್ಲರ್ ಜೊತೆ ಡೈವೋರ್ಸ್ ಆಗಿತ್ತು, ಫೆಬ್ರವರಿಲಿ ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಗೆ ರೆಸ್ಟಿಗೆ ಅಂತ ಸೇರಿಸಿದವ್ರು ರೂಮಿಗೆ ಬೀಗ ಹಾಕಿ ಇಟ್ಟಿದ್ರು, ಮಿಲ್ಲರ್‌ಗಿಂತ ಮುಂಚಿನ ಗಂಡ ಜೋ ಡಿಮ್ಯಾಜಿಯೋ ಬಂದು ಬಿಡಿಸ್ಕೊಂಡು ಹೋಗಿದ್ದ, ಜೂನಲ್ಲಿ ಪಿತ್ತಕೋಶದ ಆಪರೇಷನ್. ಇಷ್ಟೆಲ್ಲ ಆಗಿ ವರ್ಷ ತುಂಬೋದ್ರೊಳಗೆ ಮತ್ತೆ ಕ್ಯಾಮೆರಾ ಮುಂದೆ ನಿಂತವಳು ಅವಳು.

ಸೈನಸ್ ಅಂದ್ರೆ ಎಂತ ಮಹಾ ಅಂತ ಕೇಳೋರಿಗೆ ಮಲೆನಾಡಿನ ಮಳೆಗಾಲ ತೋರಿಸ್ಬೇಕು. ಜುಲೈ ಆಗಸ್ಟಲ್ಲಿ ನಮ್ಮ ಅಂಗಡಿಗೆ ಬರೋರಲ್ಲಿ ಇದೇ ಜಾಸ್ತಿ. ಮೊನ್ನೆ ನಟ್ಟಿ ಕೆಲಸಕ್ಕೆ ಹೋಗೋ ಒಬ್ರು ಹೆಂಗಸು ಬಂದಿದ್ರು, ಕಣ್ಣಿನ ಕೆಳಗೆಲ್ಲ ಬಾತ್ಕೊಂಡಿದೆ, ತಲೆ ಬಗ್ಗಿಸಿದ್ರೆ ಹಣೆ ಒಡೆದು ಹೋಗೋ ಹಂಗಾಗತ್ತೆ, ಅವ್ರ ಕೆಲಸವೇ ದಿನವಿಡೀ ತಲೆ ಬಗ್ಗಿಸೋದು. "ಅಣ್ಣಾ, ನಾಳೆಗೆ ಹುಷಾರಾಗೋ ಹಂಗೆ ಎಂತಾದ್ರೂ ಗುಳಿಗೆ ಕೊಡಿ, ನಾ ಬರ್ಲಿಲ್ಲ ಅಂದ್ರೆ ಅವ್ರು ಬೇರೆಯವ್ರನ್ನ ಕರ್ಕೊಳ್ತಾರೆ" ಅಂದ್ರು. ಮನ್ರೋ 'ಲೈಫ್' ಮ್ಯಾಗಜೀನಿಗೆ ಕೊಟ್ಟ ಕೊನೇ ಇಂಟರ್‌ವ್ಯೂ ಓದುವಾಗ ನಂಗೆ ಇವ್ರದ್ದೇ ನೆನಪು. ಅದ್ರಲ್ಲಿ ಅವಳು ಹೇಳೋದು ಇದನ್ನೇ, ಆಫೀಸಿನ ದೊಡ್ಡ ಮನುಷ್ಯರಿಗೆ ನೆಗಡಿ ಆದ್ರೆ ಮನೇಲಿ ಕೂತು ಫೋನ್ ಮಾಡಿದ್ರೆ ನಡೆಯತ್ತೆ, ಆಕ್ಟ್ ಮಾಡೋರಿಗೆ ಮಾತ್ರ ಜ್ವರ ಬರೋದೇ ತಪ್ಪಾ ಅಂತ.

ಇನ್ನು ಫಾಕ್ಸಿನವ್ರ ಕಡೆ ನೋಡಿ. ಅದೇ ಹೊತ್ತಿಗೆ ಅವ್ರು ರೋಮಲ್ಲಿ 'ಕ್ಲಿಯೋಪಾತ್ರ' ಮಾಡ್ತಾ ಮುಳುಗ್ತಾ ಇದ್ರು. ಅದರ ಖರ್ಚು ಕೊನೆಗೆ 3 ಕೋಟಿ ಡಾಲರ್ ದಾಟ್ತು. ಅದರ ಹೀರೋಯಿನ್ ಎಲಿಜಬೆತ್ ಟೇಲರ್‌ಗೆ ಮಾತಾಡಿದ್ದು 10 ಲಕ್ಷ ಡಾಲರ್. ಹಳೇ ಕಾಂಟ್ರಾಕ್ಟ್ ಇದ್ದಿದ್ರಿಂದ ಮನ್ರೋಗೆ ಬರ್ತಿದ್ದಿದ್ದು 1 ಲಕ್ಷ. ಆ ವರ್ಷ ಮಾರ್ಚಲ್ಲಷ್ಟೇ ಗೋಲ್ಡನ್ ಗ್ಲೋಬಿನವ್ರು ಜಗತ್ತಿನ ಅಚ್ಚುಮೆಚ್ಚಿನ ನಟಿ ಅಂತ ಅವಳಿಗೆ ಪ್ರಶಸ್ತಿ ಕೊಟ್ಟಿದ್ರು. ಸ್ಟುಡಿಯೋಗೆ ದುಡ್ಡು ಸೋರ್ತಾ ಇದ್ದಿದ್ದು ರೋಮಲ್ಲಿ, ಕೈಗೆ ಸುಲಭಕ್ಕೆ ಸಿಕ್ಕಿದ್ದು ಇವಳು.

ಮೇ 19ಕ್ಕೆ ನ್ಯೂಯಾರ್ಕಿಗೆ ಹೋಗಿ ಕೆನಡಿ ಬರ್ತ್‌ಡೇ ಫಂಕ್ಷನ್ನಲ್ಲಿ ಹಾಡಿದ್ಲಲ್ಲ, ಅದು ಎಲ್ರಿಗೂ ಗೊತ್ತಿರೋ ಕತೆ, ನಾನು ಅದರ ಬಗ್ಗೆ ಬರೆಯಲ್ಲ. ವಾಪಸ್ ಬಂದು ಅವಳು ಮಾಡಿದ್ದು ಕೆಲಸ. ಮೇ 23ಕ್ಕೆ ಸ್ವಿಮ್ಮಿಂಗ್ ಪೂಲ್ ಸೀನ್ ಮಾಡಿದ್ಲು, ಈಜುಡುಗೆ ತೆಗೆದು, ಫೋಟೋದವ್ರನ್ನ ಕರೆಸಿ, ಆ ಫೋಟೋಗಳಿಂದಾಗಿ ಪತ್ರಿಕೆಗಳ ಮುಖಪುಟದಿಂದ ಟೇಲರ್‌ನ ಇಳಿಸ್ಬೇಕು ಅಂತ ಲೆಕ್ಕ ಹಾಕಿಯೇ ಮಾಡಿದ್ದು. ಪಬ್ಲಿಸಿಟಿ ಹೆಂಗೆ ಕೆಲಸ ಮಾಡತ್ತೆ ಅಂತ ಅವಳಿಗೆ ಗೊತ್ತಿದ್ದಷ್ಟು ಸ್ಟುಡಿಯೋದವ್ರಿಗೂ ಗೊತ್ತಿರ್ಲಿಲ್ಲ ಅಂತ ನನ್ನ ಅನಿಸಿಕೆ. ಜೂನ್ 1ಕ್ಕೆ 36 ತುಂಬ್ತು. ದಿನವಿಡೀ ಶೂಟಿಂಗ್, ಆಮೇಲೆ ಸೆಟ್ಟಲ್ಲೇ ಕೇಕು, ಸಂಜೆ ಒಂದು ಚ್ಯಾರಿಟಿ ಕಾರ್ಯಕ್ರಮಕ್ಕೆ ಅಂತ ಡಾಡ್ಜರ್ ಸ್ಟೇಡಿಯಮ್ಮಿಗೆ, ತಣ್ಣನೆ ಗಾಳಿಲಿ. ಸೋಮವಾರ ಮತ್ತೆ ಜ್ವರ. ಆ ವಾರವೇ ಕೆಲಸದಿಂದ ತೆಗೆದ್ರು, ಸಾಲದ್ದಕ್ಕೆ ಕೋರ್ಟಲ್ಲಿ ಪರಿಹಾರದ ಕೇಸು ಬೇರೆ, ಅವಳ ತಲೆ ಸರಿ ಇಲ್ಲ ಅನ್ನೋ ಅರ್ಥ ಬರೋ ಹಂಗೆ ಪೇಪರಿನವ್ರಿಗೆ ಹೇಳಿಕೆ ಬೇರೆ. ಅವಳ ಅಮ್ಮಂಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇತ್ತು, ಇವಳು ಬೆಳೆದಿದ್ದೇ ಯಾರ್ಯಾರದ್ದೋ ಮನೇಲಿ, ಅನಾಥಾಶ್ರಮದಲ್ಲಿ. ತನಗೂ ಅಮ್ಮನ ಥರ ಆಗ್ಬಿಟ್ರೆ ಅನ್ನೋ ಹೆದರಿಕೆ ಇಟ್ಕೊಂಡೇ ಬದುಕಿದವಳ ಬಗ್ಗೆ ಈ ಮಾತು ಹರಡೋದು ಎಷ್ಟು ಕ್ರೂರ ಅಂತ ಯೋಚ್ನೆ ಮಾಡಿ.

ಅವಳ ಜಾಗಕ್ಕೆ ಲೀ ರೆಮಿಕ್ ಅಂತ ಇನ್ನೊಬ್ಬಳನ್ನ ಹಾಕಿದ್ರು. ಆಗ ಡೀನ್ ಮಾರ್ಟಿನ್, ನಾನು ಒಪ್ಕೊಂಡಿದ್ದು ಮನ್ರೋ ಜೊತೆ ಆಕ್ಟ್ ಮಾಡೋಕೆ, ಅವಳಿಲ್ಲ ಅಂದ್ರೆ ನಾನೂ ಇಲ್ಲ ಅಂತ ಎದ್ದು ಹೊರಟ. ಆ ಮನುಷ್ಯನ ಮೇಲೆ ನಂಗೆ ಇದೊಂದಕ್ಕೇ ಗೌರವ. ಸಿನಿಮಾ ನಿಂತೋಯ್ತು. ಆಮೇಲೆ ಏನಾಯ್ತು ಅನ್ನೋದನ್ನ ಆ ರೀಲ್‌ಗಳು ಯಾವತ್ತೂ ಹೇಳಲ್ಲ: ಸ್ಟುಡಿಯೋದವ್ರೇ ಮತ್ತೆ ಅವಳ ಜೊತೆ ಮಾತುಕತೆಗೆ ಬಂದ್ರು, ಮೊದಲಿಗಿಂತ ಜಾಸ್ತಿ ದುಡ್ಡಿಗೆ, ಮುಂದೆ ಶೂಟಿಂಗ್ ಮುಂದುವರಿಸೋಣ ಅಂತ. ಅಷ್ಟರಲ್ಲಿ ಅವಳು ವೋಗ್ ಮ್ಯಾಗಜೀನಿಗೆ ಫೋಟೋ ಶೂಟ್ ಮಾಡಿದ್ಲು, ಲೈಫಿಗೆ ಇಂಟರ್‌ವ್ಯೂ ಕೊಟ್ಟಿದ್ಲು, ಬ್ರೆಂಟ್‌ವುಡ್ಡಲ್ಲಿ ಆ ವರ್ಷವೇ ತಗೊಂಡ ಮನೆಗೆ ಮೆಕ್ಸಿಕೋದಿಂದ ಸಾಮಾನು ತರಿಸಿ ಜೋಡಿಸ್ತಾ ಇದ್ಲು. ತನ್ನ ಒಬ್ಬಳದ್ದೇ ಹೆಸರಲ್ಲಿ ಅವಳು ತಗೊಂಡ ಮೊದಲ್ನೇ ಮನೆ ಅದು. ಜೂನಲ್ಲಿ ಬಿದ್ದವಳು ಆಗಸ್ಟಲ್ಲಿ ಸತ್ಲು ಅಂತ ಒಂದೇ ಗೆರೆ ಎಳೆಯೋರು ಮಧ್ಯದ ಜುಲೈನ ನುಂಗಿ ಹಾಕ್ತಾರೆ.

ಆದ್ರೆ ನಿದ್ದೆ ಇರ್ಲಿಲ್ಲ ಅವಳಿಗೆ. ವರ್ಷಗಟ್ಟಲೆ ಇರ್ಲಿಲ್ಲ. ಆಗಿನ ನಿದ್ದೆ ಮಾತ್ರೆ ಅಂದ್ರೆ ಬಾರ್ಬಿಚುರೇಟ್, ಈಗ ಅದನ್ನ ನಿದ್ದೆಗೆ ಅಂತ ಬರೆಯೋದೇ ಇಲ್ಲ ಅನ್ಬಹುದು, ಯಾಕಂದ್ರೆ ನಿದ್ದೆ ಬರಿಸೋ ಪ್ರಮಾಣಕ್ಕೂ ಉಸಿರು ನಿಲ್ಲಿಸೋ ಪ್ರಮಾಣಕ್ಕೂ ಅಂತರ ತೀರಾ ಕಮ್ಮಿ, ಮೇಲಾಗಿ ದೇಹ ಅದಕ್ಕೆ ಒಗ್ಗಿ ಹೋಗಿ ದಿನಾ ಇನ್ನೂ ಬೇಕು ಅನ್ನತ್ತೆ. ಸೈಕಿಯಾಟ್ರಿಸ್ಟ್ ಡಾ. ಗ್ರೀನ್‌ಸನ್ ಅದನ್ನ ಬಿಡಿಸೋಕೆ ಅಂತ ಕ್ಲೋರಲ್ ಹೈಡ್ರೇಟ್ ಅನ್ನೋ ಬೇರೆ ನಿದ್ದೆ ಔಷಧಿ ಕಡೆ ತಿರುಗಿಸ್ತಿದ್ರು. ಇನ್ನೊಬ್ರು ಡಾಕ್ಟ್ರು, ಡಾ. ಎಂಗಲ್‌ಬರ್ಗ್, ನೆಂಬುಟಾಲ್ ಅನ್ನೋ ಬಾರ್ಬಿಚುರೇಟನ್ನೇ ಬರೆದು ಕೊಡ್ತಿದ್ರು. ಒಬ್ರು ಬಿಡಿಸೋಕೆ ಹೊರಟಿದ್ದನ್ನ ಇನ್ನೊಬ್ರು ಚೀಟಿಲಿ ಬರೀತಿದ್ರು. ರಕ್ತದಲ್ಲಿ ಸಿಕ್ಕಿದ್ದು ಇವೆರಡೂ.

ನಂಗೆ ಇದು ಇತಿಹಾಸ ಅಲ್ಲ. ವಯಸ್ಸಾದ ಒಬ್ರು ಭಟ್ರು ಬರ್ತಾರೆ ನಮ್ಮ ಅಂಗಡಿಗೆ, ಎರಡು ಚೀಟಿ ಇಟ್ಕೊಂಡು, ಒಂದು ಶಿವಮೊಗ್ಗದ ಡಾಕ್ಟ್ರದ್ದು ಇನ್ನೊಂದು ಘಟ್ಟದ ಕೆಳಗಿನದ್ದು. ಎರಡರಲ್ಲೂ ಇರೋದು ಆತಂಕಕ್ಕೆ, ನಿದ್ದೆಗೆ ಅಂತ ಕೊಡೋ ಅಲ್ಪ್ರಾಜೋಲಾಮ್ಮೇ, ಬ್ರ್ಯಾಂಡ್ ಹೆಸರು ಮಾತ್ರ ಬೇರೆ ಬೇರೆ, ಬಣ್ಣ ಬೇರೆ, ಅವ್ರಿಗೆ ಎರಡು ಬೇರೆ ಕಾಯಿಲೆಗೆ ಎರಡು ಬೇರೆ ಮಾತ್ರೆ ಅಂತಲೇ ಲೆಕ್ಕ. ಎರಡೂ ಸ್ಟ್ರಿಪ್ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟು, ಕೆಳಗೆ ಬರೆದಿರೋ ಸಣ್ಣ ಅಕ್ಷರ ಓದಿ ಹೇಳಿದೆ, ಡಾಕ್ಟ್ರಿಗೆ ಫೋನ್ ಮಾಡಿ ಒಂದನ್ನ ನಿಲ್ಲಿಸಿದ್ದಾಯ್ತು. ನಮ್ಮ ದೇಶದಲ್ಲಿ ಇವೆಲ್ಲ ಶೆಡ್ಯೂಲ್ ಎಚ್1ಲ್ಲಿ, ಅಂದ್ರೆ ಡಾಕ್ಟ್ರ ಚೀಟಿ ಇಲ್ದೆ ಕೊಡಬಾರದ ಔಷಧಿಗಳ ಪಟ್ಟಿಲಿ ಬರತ್ತೆ, ಯಾರು ಬರೆದ್ರು ಯಾರಿಗೆ ಎಷ್ಟು ಕೊಟ್ವಿ ಅಂತ ಬೇರೆ ರಿಜಿಸ್ಟರಲ್ಲಿ ಬರೆದು 3 ವರ್ಷ ಇಡ್ಬೇಕು. ಬಹಳ ಜನಕ್ಕೆ ಅದು ಕಿರಿಕಿರಿ, "ಎಂತಕ್ಕೆ ಮಾರಾಯ್ರೆ ಇಷ್ಟೆಲ್ಲ" ಅಂತಾರೆ. ಇದಕ್ಕೇ. ನಿದ್ದೆ ಬರ್ದೆ ತಲೆಯಲ್ಲಿ ಬೇಡದ ಯೋಚ್ನೆ ಸುತ್ತುತ್ತಾ ಇದ್ರೆ ಮಾತ್ರೆ ಹುಡುಕೋ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆಗಸ್ಟ್ 5ರ ಬೆಳಗಿನ ಜಾವ ಅವಳು ಸತ್ತಿದ್ದು ಗೊತ್ತಾಯ್ತು. ಬಹುಶಃ ಆತ್ಮಹತ್ಯೆ ಅಂತ ಕರೋನರ್, ಅಂದ್ರೆ ಸಾವಿನ ಕಾರಣ ವಿಚಾರಿಸೋ ಅಧಿಕಾರಿ, ಬರೆದ್ರು. 1982ರಲ್ಲಿ ಲಾಸ್ ಏಂಜಲೀಸ್ ಜಿಲ್ಲಾ ಅಟಾರ್ನಿ ಕಚೇರಿ ಮತ್ತೆ ಎಲ್ಲ ಪರಿಶೀಲಿಸಿ ಕೊಲೆ ಅನ್ನೋಕೆ ಸಾಕ್ಷಿ ಇಲ್ಲ ಅಂತ್ಲೇ ಹೇಳ್ತು. ರೀಲ್ ಮಾಡೋರಿಗೆ ಅದು ಬೇಕಾಗಿಲ್ಲ.

ನಮ್ಮಲ್ಲಿ ಕಲ್ಪನಾ ಅವ್ರಿಗೆ ಆಗಿದ್ದೂ ಇದೇ ಅಲ್ವಾ. ಅವ್ರು ಹೀರೋಯಿನ್ ಆಗಿದ್ದ ಗೆಜ್ಜೆಪೂಜೆ ಸಿನಿಮಾದ ಕಾದಂಬರಿ ಬರೆದ ಎಂ.ಕೆ. ಇಂದಿರಾ ನಮ್ಮ ತೀರ್ಥಹಳ್ಳಿಯವ್ರು, ಹಂಗಾಗಿ ಕಲ್ಪನಾ ಅಂದ್ರೆ ನಮ್ಮ ಅಮ್ಮಂದಿರಿಗೆ ಮನೆ ಮಗಳೇ. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ರ ಗೋಟೂರಲ್ಲಿ ತೀರ್ಕೊಂಡ್ರು, 35 ವಯಸ್ಸು. ಇವತ್ತಿಗೂ ಜನ ಪಿಸುಗುಟ್ಟೋದು ವಜ್ರದ ಹರಳಿನ ಕತೆ. ಬೆಳ್ಳಿಮೋಡ, ಶರಪಂಜರ ಮಾಡಿದ ನಟಿ ಕೊನೇಲಿ ನಾಟಕ ಕಂಪನಿ ಜೊತೆ ಊರೂರು ತಿರುಗಿ ಸ್ಟೇಜ್ ಮೇಲೆ ದುಡೀತಿದ್ರಲ್ಲ, ಆ ದುಡಿಮೆ ಬಗ್ಗೆ ಯಾರಿಗೂ ಕುತೂಹಲ ಇಲ್ಲ.

ಮನ್ರೋ ಬಿಟ್ಟು ಹೋದ ಸಿನಿಮಾನ ಫಾಕ್ಸಿನವ್ರು ಬೇರೆ ಹೆಸರಲ್ಲಿ ಡೋರಿಸ್ ಡೇನ ಹಾಕಿ 1963ರಲ್ಲಿ ಬಿಟ್ರು. ಇವಳು ಮಾಡಿದ ಸೀನುಗಳು ಡಬ್ಬದಲ್ಲೇ ಉಳಿದಿದ್ವು, 2001ರಲ್ಲಿ ಅದನ್ನೆಲ್ಲ ಜೋಡಿಸಿ ಸುಮಾರು 37 ನಿಮಿಷ ಮಾಡಿದಾರೆ. ಕತೆ ಏನಂದ್ರೆ, ಸಮುದ್ರದಲ್ಲಿ ಕಾಣೆಯಾಗಿ ಸತ್ತೇ ಹೋದ್ಲು ಅಂದ್ಕೊಂಡಿದ್ದ ಹೆಂಡ್ತಿ 5 ವರ್ಷ ಆದ್ಮೇಲೆ ಮನೆಗೆ ವಾಪಸ್ ಬರ್ತಾಳೆ, ಮಕ್ಕಳು ಪೂಲಲ್ಲಿ ಆಡ್ತಾ ಇರ್ತಾವೆ, ಅವಕ್ಕೆ ಅಮ್ಮನ ಗುರುತಿಲ್ಲ. ಅವಳು ನಾನೇ ಅಮ್ಮ ಅಂತ ಹೇಳಲ್ಲ. ದಡದಲ್ಲಿ ಕೂತು ಮಾತಾಡಿಸ್ತಾಳೆ ಅಷ್ಟೇ, ನಗ್ತಾ ಇರ್ತಾಳೆ, ಕಣ್ಣು ಮಾತ್ರ ಆ ಮಕ್ಕಳ ಮುಖ ಬಿಟ್ಟು ಆಚೆ ಹೋಗಲ್ಲ. ಮೂಗು ಕಟ್ಟಿ ಜ್ವರದಲ್ಲಿ ನರಳಿದ ಆ ತಿಂಗಳುಗಳಲ್ಲೇ ಮಾಡಿದ ಕೆಲಸ ಅದು. ಯೂಟ್ಯೂಬಲ್ಲಿ ಸಿಗತ್ತೆ. ಗ್ರೂಪಲ್ಲಿ ಬರೆದವ್ರೇ, ನಿಮ್ಗೂ ಹೇಳ್ತಿದೀನಿ, ಮೊದಲು ಆ ಸೀನ್ ನೋಡಿ, ಆಮೇಲೆ ಕೆಲಸಕ್ಕೆ ಹೋಗ್ಲಿಲ್ಲ ಅನ್ನೋ ಮಾತು ಮಾತಾಡೋಣ.