ಸುಟ್ಟ ಸಿಮಾ ಡೋಮ್: ಎಲ್ಲಿ ಕೂತು ನೋಡಬೇಕು, ಎಲ್ಲಿ ಕಾಲಿಡಬಾರದು

ಲಾಸ್ ಏಂಜಲೀಸ್‌ನಿಂದ ವೇಗಸ್‌ಗೆ ಐ-15ರಲ್ಲಿ ಕಾರು ಓಡಿಸುವ ಕನ್ನಡಿಗರಲ್ಲಿ ಹೆಚ್ಚಿನವರು ಸಿಮಾ ರೋಡ್ ಎಕ್ಸಿಟ್ ಗಮನಿಸುವುದೇ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮೊಹಾವಿ ನ್ಯಾಷನಲ್ ಪ್ರಿಸರ್ವ್ ಎಂಬ ಸಂರಕ್ಷಿತ ಮರುಭೂಮಿ. ಚೂಪು ಎಲೆಯ ಜೋಶುವಾ ಮರಗಳು ಅತಿ ದಟ್ಟವಾಗಿ ಬೆಳೆದಿದ್ದ ಕಾಡುಗಳಲ್ಲಿ ಒಂದು ಇಲ್ಲಿನ ಸಿಮಾ ಡೋಮ್ ಎಂಬ ಗುಮ್ಮಟದಂಥ ಅಗಲ ದಿಬ್ಬದ ಮೇಲಿತ್ತು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ 43 ಸಾವಿರ ಎಕರೆಗೂ ಮಿಗಿಲಾಗಿ ಸುಟ್ಟಿತು, ಸುಮಾರು 13 ಲಕ್ಷ ಜೋಶುವಾ ಮರಗಳು ಹೋದವು ಎಂದು ಅಂದಾಜು. 2023ರ ಜುಲೈ ಕೊನೆಯಲ್ಲಿ ನ್ಯೂಯಾರ್ಕ್ ಬೆಟ್ಟಸಾಲಿನ ಕಡೆ ಎದ್ದ ಯಾರ್ಕ್ ಬೆಂಕಿ ಇದರ ಎರಡರಷ್ಟು ನೆಲ ತಿಂದು ನೆವಾಡಾ ಗಡಿಯನ್ನೂ ದಾಟಿತು.

ಇಲ್ಲಿಗೆ ಪ್ರಾಣಿ ನೋಡಲು ಬರುವವರು ಸಾಮಾನ್ಯವಾಗಿ ಸುಟ್ಟ ಜಾಗದ ನಟ್ಟನಡುವೆ ಹೋಗಿ ನಿಂತು, ಏನೂ ಕಾಣದೆ ವಾಪಸಾಗುತ್ತಾರೆ. ನೋಡಬೇಕಾದ್ದು ಬೆಂಕಿಯ ಅಂಚನ್ನು. ಕಲ್ಲುಬಂಡೆಗಳ ಮರೆಯಲ್ಲೋ ಒಣಹಳ್ಳದ ಆಚೆಯೋ ಉರಿಯಿಂದ ತಪ್ಪಿಸಿಕೊಂಡ ಹಸಿರು ತುಂಡುಗಳು ಅಲ್ಲಲ್ಲಿ ಉಳಿದಿವೆ. ನೆರಳು, ಗೂಡಿಗೆ ನಾರು, ಹಣ್ಣು, ಹುಳ ಎಲ್ಲವೂ ಅಲ್ಲಿ. ಬೇಟೆಗೆ ಬಯಲು ಪಕ್ಕದಲ್ಲೇ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ಅಂಚಿನಲ್ಲಿ ಕೂತು, 8x42 (ಎಂಟು ಪಟ್ಟು ಹಿಗ್ಗಿಸುವ) ದುರ್ಬೀನು ಹಿಡಿದು ಒಂದು ಗಂಟೆ ಅಲುಗಾಡದಿದ್ದರೆ ಸಾಕು. ಏಪ್ರಿಲ್‌-ಮೇನಲ್ಲಿ ಹಳದಿ-ಕಪ್ಪು ಸ್ಕಾಟ್ಸ್ ಓರಿಯೋಲ್ ಜೀವಂತ ಜೋಶುವಾದ ನೆತ್ತಿಯಲ್ಲಿ ಕೂತು ಸಿಳ್ಳೆ ಹಾಕುತ್ತದೆ. ಪಟ್ಟೆಬೆನ್ನಿನ ಪುಟ್ಟ ಮರಕುಟಿಗ ಸತ್ತ ಮರವನ್ನೂ ಬಿಡುವುದಿಲ್ಲ. ನಮ್ಮ ಬಯಲುಸೀಮೆಯ ಕಳಿಂಗ ಹಕ್ಕಿಯ ಬಳಗದ ಶ್ರೈಕ್ ಒಂದು ಇಲ್ಲಿದೆ. ಹಿಡಿದ ಓತಿಕ್ಯಾತವನ್ನು ಅದು ಜೋಶುವಾ ಎಲೆಯ ಚೂಪಿಗೋ ಹಳೆಯ ಮುಳ್ಳುತಂತಿಗೋ ಚುಚ್ಚಿ ಇಡುತ್ತದೆ. ಅಂಥ ಒಣಗಿದ ಓತಿ ಕಂಡರೆ ಹಕ್ಕಿ ಹತ್ತಿರದಲ್ಲೇ ಇರುತ್ತದೆ, ಕಾಯಿರಿ.

ನೆಲಕ್ಕೆ ಬಿದ್ದ, ಸುಡದ ಜೋಶುವಾ ಕೊಂಬೆಗಳನ್ನು ಮಗುಚಿ ನೋಡುವ ಚಾಳಿ ಬೇಡ. ಅದರಡಿ ನೈಟ್ ಲಿಜರ್ಡ್ ಎಂಬ ಬೆರಳುದ್ದದ ಹಲ್ಲಿ ಸಂಸಾರ ಹೂಡಿರುತ್ತದೆ. ಕೊಂಬೆ ಮಗುಚಿದರೆ ಒಳಗಿನ ತೇವ ಆರಿಹೋಗುತ್ತದೆ, ಸುಟ್ಟ ಕಾಡಿನಲ್ಲಿ ಅದಕ್ಕೆ ಬೇರೆ ಮನೆ ಸಿಗುವುದೂ ಕಷ್ಟ.

ಪ್ರಾಣಿಗಿಂತ ಮೊದಲು ಹೆಜ್ಜೆ ಓದುವುದು ಕಲಿತರೆ ಲಾಭ. ಒಣಹಳ್ಳದ ಮರಳಿನ ಮೇಲೆ ಸೂರ್ಯ ಏರುವ ಮುಂಚೆ, ನೆರಳು ಉದ್ದವಿರುವಾಗ ಬಗ್ಗಿ ನೋಡಿ. ಜೋಡಿ ಜೋಡಿಯಾಗಿ ಒತ್ತಿದ ಹಿಂಗಾಲು, ನಡುವೆ ಬಾಲ ಎಳೆದ ಸಣ್ಣ ಗೀರು ಇದ್ದರೆ ಕಾಂಗರೂ ಇಲಿ. ನೀರನ್ನೇ ಕುಡಿಯದೆ, ತಿಂದ ಕಾಳಿನಿಂದ ದೇಹದೊಳಗೇ ಹುಟ್ಟುವ ನೀರಿನಲ್ಲಿ ಬದುಕುವ ಇದು ಸುಟ್ಟ ಬಯಲಲ್ಲೂ ಆರಾಮಾಗಿರುತ್ತದೆ. ನಾಲ್ಕು ಬೆರಳಿನ, ಅಂಗೈ ಗುಳಿಯಷ್ಟೇ ಇರುವ ಹೆಜ್ಜೆ ಕಿಟ್ ಫಾಕ್ಸ್ ಎಂಬ ಪುಟ್ಟ ನರಿಯದು; ಅದೇ ಆಕಾರದಲ್ಲಿ ಆರೇಳು ಸೆಂಟಿಮೀಟರ್ ಇದ್ದರೆ ತೋಳದ ಬಳಗದ ಕಯೋಟಿ. ಒಂದಕ್ಕೊಂದು ತಾಗದ ಓರೆ ಗೆರೆಗಳು, ತುದಿಯಲ್ಲಿ ಕೊಕ್ಕೆ: ಸೈಡ್‌ವೈಂಡರ್ ಎಂಬ ವಿಷದ ಹಾವು ಹೋಗಿದೆ. ಗೆರೆಯ ಅಂಚು ಇನ್ನೂ ಉದುರದೆ ಚೂಪಾಗಿದ್ದರೆ ಮುಂದಿನ ಪೊದೆಯನ್ನು ದೂರದಿಂದ ಬಳಸಿ ಹೋಗಿ.

ರಾತ್ರಿ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಕಣ್ಣಿನ ಹೊಳಪು ಕಾಣುವುದಿಲ್ಲ. ಪ್ರಾಣಿಯ ಕಣ್ಣು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವುದರಿಂದ ಟಾರ್ಚ್ ನಿಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು. ಹೊಳಪು ಸಿಕ್ಕ ಮೇಲೆ ಕೆಂಪು ಬೆಳಕಿಗೆ ಬದಲಿಸಿ. ಚೇಳಿಗೆ ಯುವಿ (ನೇರಳಾತೀತ) ಟಾರ್ಚ್ ಬೇಕು, ಮೈಯೆಲ್ಲ ಹಸಿರಾಗಿ ಹೊಳೆಯುತ್ತದೆ. ಬೆಳಕಿನ ಅಲೆಯುದ್ದ 365 ನ್ಯಾನೋಮೀಟರ್ ಇರುವುದನ್ನೇ ಕೊಳ್ಳಿ, ಅಗ್ಗದ 395ರಲ್ಲಿ ನೇರಳೆ ಬೆಳಕೇ ಕಣ್ಣಿಗೆ ರಾಚುತ್ತದೆ. ಹುಣ್ಣಿಮೆಯ ಆಸುಪಾಸು ಕಾಂಗರೂ ಇಲಿಗಳು ಬಯಲಿಗೆ ಬರಲು ಹಿಂಜರಿಯುತ್ತವೆ, ಅಮಾವಾಸ್ಯೆ ಕಡೆಯ ದಿನ ಆರಿಸಿಕೊಳ್ಳಿ.

ಮರುಭೂಮಿ ಆಮೆ ರಸ್ತೆಯಲ್ಲಿ ಕಂಡರೆ ಕಾರು ನಿಲ್ಲಿಸಿ ದಾಟುವವರೆಗೆ ಕಾಯಿರಿ, ಎತ್ತಬೇಡಿ. ಹೆದರಿದ ಆಮೆ ಮೂತ್ರಕೋಶ ಖಾಲಿ ಮಾಡುತ್ತದೆ, ಆ ನೀರೇ ಅದರ ತಿಂಗಳುಗಟ್ಟಲೆಯ ದಾಸ್ತಾನು. ಪೊದೆ ಸುಟ್ಟುಹೋದ ಕಡೆ ನಿಂತ ಕಾರಿನಡಿಯೇ ಒಳ್ಳೆಯ ನೆರಳು. ಹೊರಡುವ ಮುಂಚೆ ಬಗ್ಗಿ ನಾಲ್ಕೂ ಚಕ್ರದ ಹಿಂದೆ ಮುಂದೆ ನೋಡುವುದು ಕಡ್ಡಾಯ.

ಇನ್ನು ನಡಿಗೆ. ಸಿಮಾ ಡೋಮ್‌ನ ಟ್ಯೂಟೋನಿಯಾ ಪೀಕ್ ದಾರಿ ಹೋಗಿ ಬರಲು ಸುಮಾರು 5 ಕಿಲೋಮೀಟರ್, ಬಹುಪಾಲು ಸುಟ್ಟ ಕಾಡಿನಲ್ಲೇ. ದೂರ ಕಡಿಮೆ ಎಂದು ಹಗುರಾಗಿ ತೆಗೆದುಕೊಳ್ಳಬೇಡಿ, ಹಿಂದೆ ಇದ್ದ ನೆರಳು ಈಗಿಲ್ಲ. ಜೋಶುವಾ ನಮ್ಮ ತೋಟದ ಬೇಲಿಯ ಕತ್ತಾಳೆಯ ಸಂಬಂಧಿ, ಒಳಗೆ ತೇಗದಂಥ ಗಟ್ಟಿ ಕಟ್ಟಿಗೆ ಇಲ್ಲ, ಬರೀ ನಾರು. ಸುಟ್ಟು ನಿಂತ ಮರದ ಬೊಡ್ಡೆ ವರ್ಷಗಳ ನಂತರ ಸದ್ದಿಲ್ಲದೆ ಮುರಿಯುತ್ತದೆ, ಗಾಳಿ ಬೀಸಿದರೆ ಇನ್ನೂ ಬೇಗ. ಅದಕ್ಕೆ ಒರಗಿ ಫೋಟೋ ಬೇಡ. ಊಟಕ್ಕೆ ಕೂರುವಾಗಲೂ ಟೆಂಟ್ ಹೊಡೆಯುವಾಗಲೂ ಮರದ ಎತ್ತರದ ಒಂದೂವರೆ ಪಟ್ಟು ದೂರ ಇರಿ. ಪ್ರಿಸರ್ವ್‌ನ ಮಿಡ್ ಹಿಲ್ಸ್ ಕಡೆ, 2005ರ ಬೆಂಕಿಯ ಜಾಗದಲ್ಲಿ, ಕಥೆ ಬೇರೆ: ಅಲ್ಲಿ ಜುನಿಪರ್, ಪಿನ್ಯನ್ ಮರಗಳ ಬೇರು ನೆಲದೊಳಗೇ ಉರಿದು ಪೊಳ್ಳಾಗಿರಬಹುದು. ಕರಿ ಬೊಡ್ಡೆಯ ಸುತ್ತ ಕಾಲಿಡುವ ಮೊದಲು ಕೋಲಿನಿಂದ ತಿವಿದು ನೋಡಿ. ಪಾದ ಮುಚ್ಚುವ ದಪ್ಪ ಅಟ್ಟೆಯ ಬೂಟು, ಉದ್ದ ಪ್ಯಾಂಟು ಇರಲಿ, ಚೋಯಾ ಕಳ್ಳಿಯ ಮುಳ್ಳು ಕೀಳಲು ಬಾಚಣಿಗೆ ಮತ್ತು ಚಿಮಟ ಜೇಬಿನಲ್ಲಿರಲಿ.

ಸುಟ್ಟ ಇಳಿಜಾರಿನಲ್ಲಿ ನೀರು ಇಂಗುವುದು ಕಡಿಮೆ. ದೂರದ ಬೆಟ್ಟದಲ್ಲಿ ಗುಡುಗಿದರೂ ಹಳ್ಳಕ್ಕೆ ಕಪ್ಪು ಕೆಸರಿನ ನೆರೆ ಬರಬಹುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಣಹಳ್ಳದಲ್ಲಿ ಮಲಗುವುದು ಶುದ್ಧ ಅವಿವೇಕ. ಆ ತಿಂಗಳುಗಳಲ್ಲಿ ಹೋಗುವುದೂ ಬೇಡ, ಮಾರ್ಚ್‌ನಿಂದ ಮೇ ಆರಂಭ, ಇಲ್ಲವೇ ಅಕ್ಟೋಬರ್‌-ನವೆಂಬರ್ ಸರಿ.

ಮೊದಲ ಸಲ ಹೋಗುವವರಿಗೆ ಸುಮಾರು 4,400 ಅಡಿ ಎತ್ತರದ ಹೋಲ್-ಇನ್-ದ-ವಾಲ್ ಕ್ಯಾಂಪ್‌ಗ್ರೌಂಡ್ ಅನುಕೂಲ. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು, ಅಡುಗೆಗೆ ಬೇರೆ. ಅಲ್ಲಿನ ನಲ್ಲಿಯನ್ನು ನಂಬಿ ಖಾಲಿ ಕ್ಯಾನ್ ಒಯ್ಯಬೇಡಿ. ಪ್ರಿಸರ್ವ್ ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ಬಹಳ ಕಡೆ ಇಲ್ಲ. ಗಾಳಿಗೆ ಟೆಂಟಿನ ಸಾಮಾನ್ಯ ಗೂಟ ಮರಳಿನಿಂದ ಕಿತ್ತು ಬರುತ್ತದೆ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂತುಬಿಡಿ. ನೀರಿನ ತೊಟ್ಟಿ, ಒರತೆಗಳಿಂದ 200 ಗಜ ದೂರ ಬಿಡಾರ ಹಾಕಬೇಕು, ಇಲ್ಲದಿದ್ದರೆ ರಾತ್ರಿ ನೀರಿಗೆ ಬರುವ ಪ್ರಾಣಿಗಳು ನಿಮ್ಮ ವಾಸನೆಗೆ ಹಿಂದಿರುಗುತ್ತವೆ. ಕರಕಲು ಕಟ್ಟಿಗೆ ಆರಿಸಿ ಒಲೆ ಹಚ್ಚುವುದು ನಿಷಿದ್ಧ. ತಂತಿಬಲೆಯೊಳಗೆ ಪುಟ್ಟ ಜೋಶುವಾ ಸಸಿ ಕಂಡರೆ ಅದು ಸ್ವಯಂಸೇವಕರು ನೆಟ್ಟದ್ದು. ಬಲೆ ಮೊಲ, ಇಲಿಗಳಿಂದ ಕಾಪಾಡಲು, ಸರಿಸಬೇಡಿ.

ವಾಪಸ್ ಕಾರು ಹತ್ತುವ ಮುಂಚೆ ಕಾಲುಚೀಲ, ಬೂಟಿನ ಲೇಸು ಪರೀಕ್ಷಿಸಿ. ಕೆಂಪು ಛಾಯೆಯ, ಚುಚ್ಚುವ ಹುಲ್ಲಿನ ಬೀಜ ಸಿಕ್ಕಿಕೊಂಡಿರುತ್ತದೆ: ರೆಡ್ ಬ್ರೋಮ್, ಮೆಡಿಟರೇನಿಯನ್ ಕಡೆಯಿಂದ ಬಂದ ಕಳೆ. ಪೊದೆ ಪೊದೆಯ ನಡುವೆ ಬರಿ ನೆಲ ಇದ್ದಾಗ ಬೆಂಕಿ ಅಲ್ಲಿಗೇ ನಿಲ್ಲುತ್ತಿತ್ತು. ಮಳೆ ಚೆನ್ನಾದ ವರ್ಷ ಈ ಹುಲ್ಲು ಆ ತೆರಪನ್ನೆಲ್ಲ ತುಂಬಿ, ಬೇಸಿಗೆಗೆ ಒಣಗಿ ಬತ್ತಿಯಾಗುತ್ತದೆ. ಬೀಜವನ್ನು ಅಲ್ಲೇ ಕೊಡವದೆ ಜಿಪ್ ಕವರಿಗೆ ಹಾಕಿ, ಬಾಯಿ ಮುಚ್ಚಿ, ಊರಿಗೆ ಬಂದ ಮೇಲೆ ಕಸದ ಡಬ್ಬಿಗೆ ಹಾಕಿ.