ಗಾಡಿ ಯಾಕ ತಂದ್ರಿ?

“ಇಷ್ಟ್ ಬಿಸಿಲಾಗ ಗಾಡಿ ಯಾಕ ತಂದ್ರಿ ಸರ್? ನಂಬರ್ ಪ್ಲೇಟಿಂದು ಒಂದ್ ಫೋಟೋ ವಾಟ್ಸಾಪ್ ಹಾಕಿದ್ರ ಆಗ್ತಿತ್ತಲ್ಲ.”

ಮೊನ್ನೆ ಬುಧವಾರ ಮಧ್ಯಾಹ್ನ ಕಲಬುರಗಿಯ ರಿಂಗ್ ರಸ್ತೆಯ ಬದಿಯಲ್ಲಿ, ಹೊಗೆ ತಪಾಸಣೆಯ ವ್ಯಾನಿನ ಬಾಗಿಲಲ್ಲಿ ಕುಳಿತಿದ್ದ ಹುಡುಗ ನನಗೆ ಹೇಳಿದ ಮಾತಿದು. ಅದರಲ್ಲಿ ವ್ಯಂಗ್ಯವಿರಲಿಲ್ಲ, ತಪ್ಪು ಮಾಡುವವನ ಅಳುಕೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ ನಿಂತಿದ್ದ, ಐವತ್ತು ದಾಟಿದ ಮೇಷ್ಟ್ರೊಬ್ಬರನ್ನು ಕಂಡು ಅವನಿಗೆ ನಿಜವಾಗಿಯೇ ಕನಿಕರ ಹುಟ್ಟಿತ್ತು. ಅವನು ಕೆಳಗಿಳಿದು ಕಾರಿನ ಹಿಂಭಾಗದ ಒಂದು ಫೋಟೋ ತೆಗೆದ, ಒಳಗೆ ಹೋಗಿ ಏನೋ ಟೈಪು ಮಾಡಿದ, ಪ್ರಿಂಟರ್ ಕಿರುಗುಟ್ಟಿ ಪ್ರಮಾಣಪತ್ರವನ್ನು ಹೊರಹಾಕಿತು. ಅಷ್ಟು ಹೊತ್ತೂ ನನ್ನ ಕಾರಿನ ಎಂಜಿನ್ ಬಂದ್ ಆಗಿಯೇ ಇತ್ತು. ಸೈಲೆನ್ಸರಿಗೆ ತೂರಿಸಬೇಕಾದ ಕೊಳವೆ ವ್ಯಾನಿನ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಅದರ ಮೇಲೆ ಕಳೆದ ಆಯುಧ ಪೂಜೆಯಲ್ಲಿ ಹಚ್ಚಿದ ಕುಂಕುಮ ಸ್ವಲ್ಪವೂ ಕದಡದೆ ಉಳಿದಿತ್ತು.

“ಪೈಪ್ ಹಾಕಂಗಿಲ್ಲೇನಪ್ಪ?” ಎಂದು ಕೇಳಿದೆ.

“ಹಾಕಿದ್ರೂ ಪಾಸ್, ಹಾಕ್ಲಿಲ್ಲಂದ್ರೂ ಪಾಸ್ ಸರ್. ಸುಮ್ನ ಎಕ್ಸಲೇಟರ್ ಒತ್ತಿ ಒತ್ತಿ ಇಂಜಿನ್ ಯಾಕ ಹಾಳ್ ಮಾಡ್ಕೋತೀರಿ?”

ನಾನು ಪದವಿ ಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಹೊಗೆ ಪ್ರಮಾಣಪತ್ರಕ್ಕೂ ನಾನು ಪಾಠ ಹೇಳುವ ತರಗತಿಗೂ ನಮ್ಮ ಜನ ಪಿಯುಸಿ ಎಂಬ ಒಂದೇ ಹೆಸರಿಟ್ಟಿರುವುದು ಕಾಕತಾಳೀಯವೇ ಇರಬಹುದು. ಆದರೆ ಎರಡರಲ್ಲೂ ಪಾಸಾಗುವ ವಿಧಾನ ಒಂದೇ ಆಗುತ್ತ ಬಂದಿದೆಯಲ್ಲ ಎಂದು ಆ ಕಾಗದ ಹಿಡಿದು ನಿಂತಾಗ ಅನ್ನಿಸಿತು. ಡೀಸೆಲ್ ಗಾಡಿಯ ತಪಾಸಣೆ ಕಷ್ಟದ್ದೇನಲ್ಲ. ಗೇರು ಹಾಕದೆ ಎಕ್ಸಲೇಟರನ್ನು ಪೂರ್ತಿ ಒತ್ತಿ ಬಿಡಬೇಕು. ಹಾಗೆ ಹಲವು ಸಲ ಮಾಡಿದಾಗ ಹೊರಬರುವ ಹೊಗೆಯ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತು ಎಂದು ಯಂತ್ರ ಅಳೆಯುತ್ತದೆ. ನನ್ನ 2013ರ ಕಾರಿನಂಥವಕ್ಕೆ ಗರಿಷ್ಠ ಮಿತಿ 65 ಹಾರ್ಟ್‌ರಿಜ್ ಮಾನ; ಹೊಗೆ ತಡೆದ ಬೆಳಕನ್ನು ಅಳೆಯುವ ಮಾನವದು. ನನ್ನ ಪತ್ರದಲ್ಲಿದ್ದ ಅಂಕೆ ಅದಕ್ಕಿಂತ ಆರಾಮಾಗಿ ಕಡಿಮೆಯಿತ್ತು, ದಶಾಂಶ ಬಿಂದುವಿನ ಮುಂದೆ ಎರಡು ಸ್ಥಾನಗಳವರೆಗೆ ನಿಖರವಾಗಿಯೂ ಇತ್ತು. ಉಸಿರೇ ಬಿಡದ ಎಂಜಿನ್ನಿಗೆ ಎರಡು ದಶಾಂಶ ಸ್ಥಾನಗಳ ನಿಖರತೆ! ಸರಳ ಲೋಲಕದ ಪ್ರಯೋಗದಲ್ಲಿ ದಾರ ಕಟ್ಟುವ ಮೊದಲೇ 9.80 ಎಂದು ಉತ್ತರ ಬರೆದಿಟ್ಟು, ಅದಕ್ಕೆ ತಕ್ಕಂತೆ ಹಿಂದಿನಿಂದ ರೀಡಿಂಗ್ ತುಂಬುವ ನನ್ನ ವಿದ್ಯಾರ್ಥಿಗಳು ನೆನಪಾದರು. ಅವರ ರೆಕಾರ್ಡಿಗೆ ಪ್ರತಿ ವರ್ಷ ಸಹಿ ಹಾಕುವವನು ಯಾರು ಎಂಬುದೂ ನೆನಪಾಯಿತು.

ಗುರುವಾರ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದಾಗ ನಮ್ಮ ರಸಾಯನಶಾಸ್ತ್ರದ ಸಹೋದ್ಯೋಗಿ ಜೋರಾಗಿ ನಕ್ಕು, “ಜರ್ಮನಿಯವ್ರೇ ಮಾಡ್ಯಾರ, ನಮ್ದೇನ್ ತಗೋರಿ” ಎಂದರು. ಯಾವ ತಪ್ಪಿಗೂ ಅದಕ್ಕಿಂತ ದೊಡ್ಡದೊಂದನ್ನು ಹುಡುಕಿ ತಂದು ಪಕ್ಕದಲ್ಲಿ ನಿಲ್ಲಿಸಿ ಸಮಾಧಾನಪಡುವುದು ಅವರ ಹಳೆಯ ಚಾಳಿ. ಆದರೂ ಅವರ ಆ ಮಾತು ನನ್ನನ್ನು ಎರಡು ರಾತ್ರಿ ಹಳೆಯ ಸುದ್ದಿಗಳನ್ನು ಮತ್ತೆ ಓದುವಂತೆ ಮಾಡಿತು.

ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುವ ತಂತ್ರಾಂಶವನ್ನು ಡೀಸೆಲ್ ಕಾರುಗಳಲ್ಲಿ ಇಟ್ಟದ್ದಕ್ಕೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸು ಕೊಟ್ಟದ್ದು 2015ರ ಸೆಪ್ಟೆಂಬರ್ 18ರಂದು. ಐದೇ ದಿನಕ್ಕೆ ಅದರ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ತಂತ್ರಾಂಶವಿದೆಯೆಂದು ಕಂಪನಿಯೇ ಒಪ್ಪಿಕೊಂಡಿತು. ನಮ್ಮ ವ್ಯಾನಿನಲ್ಲಿ ಪರೀಕ್ಷೆಯೇ ನಡೆಯುವುದಿಲ್ಲ; ಅಲ್ಲಿ ಪರೀಕ್ಷೆ ನಡೆಯುತ್ತಿತ್ತು, ಆದರೆ ನಡೆಯುತ್ತಿರುವುದು ಪರೀಕ್ಷೆ ಎಂಬುದನ್ನು ಕಾರು ತಾನೇ ಕಂಡುಹಿಡಿಯುತ್ತಿತ್ತು. ಸ್ಟೇರಿಂಗ್ ಎಷ್ಟು ತಿರುಗುತ್ತಿದೆ, ವೇಗ ಹೇಗೆ ಏರಿಳಿಯುತ್ತಿದೆ, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಎಂಬುದನ್ನೆಲ್ಲ ಕೂಡಿಸಿ ನೋಡಿ, ಇದು ಪ್ರಯೋಗಾಲಯದ ಉರುಳೆಗಳ ಮೇಲಿನ ಓಟವೆಂದು ಗೊತ್ತಾದರೆ ಶುದ್ಧವಾಗಿ ಉಸಿರಾಡುವುದು, ರಸ್ತೆಗೆ ಇಳಿದೊಡನೆ ಮಿತಿಯ 40 ಪಟ್ಟುವರೆಗೂ ನೈಟ್ರೋಜನ್ ಆಕ್ಸೈಡ್‌ಗಳನ್ನು ಉಗುಳುವುದು ಅದರ ಕ್ರಮವಾಗಿತ್ತು. ಪರೀಕ್ಷಾ ಕೇಂದ್ರದ ಅಂಗಳದಲ್ಲಿ ಸ್ಕ್ವಾಡ್ ಜೀಪಿನ ಸದ್ದು ಕೇಳಿದ ಕೂಡಲೇ ಇಡೀ ಕೊಠಡಿ ತಲೆ ತಗ್ಗಿಸಿ ಬರೆಯತೊಡಗುವ ದೃಶ್ಯವನ್ನು ಇಷ್ಟು ವರ್ಷ ನೋಡಿದ ನನಗೆ ಈ ತಂತ್ರಾಂಶ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮೋಸ ಬಯಲಾದ ಬಗೆ ಮಾತ್ರ ನನಗೆ ಇಂದಿಗೂ ಪಾಠ ಹೇಳಲು ಒದಗುವ ಕಥೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣದೊಂದು ತಂಡ 2013ರಲ್ಲಿ ಅಳತೆಯ ಯಂತ್ರವನ್ನೇ ಕಾರಿನ ಡಿಕ್ಕಿಗೆ ಏರಿಸಿ, ಅದಕ್ಕೊಂದು ಜನರೇಟರ್ ಕಟ್ಟಿಕೊಂಡು, ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಸುತ್ತಿತು. ಒಂದು ಕಾರನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿತು. ಫೋಕ್ಸ್‌ವ್ಯಾಗನ್ನಿನ ಜೆಟ್ಟಾ ಕಾರು ಮಿತಿಯ 15ರಿಂದ 35 ಪಟ್ಟು, ಪಸಾಟ್ ಕಾರು 5ರಿಂದ 20 ಪಟ್ಟು ಹೊರಹಾಕುತ್ತಿದ್ದದ್ದು ಕಂಡಾಗ ತಮ್ಮ ಯಂತ್ರವೇ ಕೆಟ್ಟಿರಬೇಕೆಂದು ಅವರಿಗೆ ಸಂಶಯ ಬಂದಿತ್ತಂತೆ. ಆ ತಂಡದಲ್ಲಿ ಬೆಂಗಳೂರಿನವರಾದ ಹೇಮಂತ್ ಕಪ್ಪಣ್ಣ ಇದ್ದರು. ಮುಂದೆ ಅವರು ಇನ್ನೊಂದು ದೊಡ್ಡ ಕಾರು ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು, 2019ರಲ್ಲಿ ಅಲ್ಲಿನ ಉದ್ಯೋಗ ಕಡಿತದಲ್ಲಿ ಆ ಕೆಲಸವನ್ನು ಕಳೆದುಕೊಂಡರು. ನಮ್ಮವರೊಬ್ಬರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಬೇಕಾದ ಸಂದರ್ಭಗಳಲ್ಲಿ ಇದೂ ಒಂದು. ಆದರೆ ನನ್ನ ಇಡೀ ಸ್ಟಾಫ್ ರೂಮಿನಲ್ಲಿ ಆ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಹೊಗೆಯನ್ನು ಇಳಿಸುವುದಷ್ಟೇ ಸಮಸ್ಯೆಯಾಗಿದ್ದರೆ ಇಷ್ಟು ದೊಡ್ಡ ಕಂಪನಿಗೆ ಕಳ್ಳದಾರಿ ಬೇಕಿರಲಿಲ್ಲ. ಡೀಸೆಲ್ ಎಂಜಿನ್ನಿನೊಳಗೆ ಉರಿ ಹೆಚ್ಚಿದಷ್ಟೂ ಶಕ್ತಿ ಚೆನ್ನಾಗಿ ಬರುತ್ತದೆ, ಮಸಿ ಕಡಿಮೆಯಾಗುತ್ತದೆ, ಆದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಉರಿ ತಗ್ಗಿಸಿದರೆ ಅದು ಇಳಿದು, ಮಸಿ ಏರುತ್ತದೆ, ಎಳೆತ ಕುಗ್ಗುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಎದ್ದು ನಿಲ್ಲುವ ಈ ಎರಡನ್ನೂ ಏಕಕಾಲಕ್ಕೆ ಹದದಲ್ಲಿಡಲು ಖರ್ಚು ಬರುತ್ತದೆ. ಇದರಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮಸಿ, ರಿಂಗ್ ರಸ್ತೆಯ ವ್ಯಾನು ನ್ಯಾಯವಾಗಿ ನಡೆದರೂ ಅಳೆಯುವುದು ಆ ಮಸಿಯನ್ನೇ. ಶ್ವಾಸಕೋಶವನ್ನು ಕೆರಳಿಸುವ ನೈಟ್ರೋಜನ್ ಆಕ್ಸೈಡ್ ಹೊಗೆಯ ಬಣ್ಣದಲ್ಲಿ ಕಾಣುವುದೂ ಇಲ್ಲ, ಆ ತಪಾಸಣೆಯ ಲೆಕ್ಕಕ್ಕೆ ಬರುವುದೂ ಇಲ್ಲ.

ಓದುತ್ತ ಹೋದಂತೆ ನನ್ನ ಮನಸ್ಸು ಕಂಪನಿಯನ್ನು ಬಿಟ್ಟು ಕಾರು ಕೊಂಡವರ ಕಡೆಗೆ ಹೊರಳಿತು. ‘ಶುದ್ಧ ಡೀಸೆಲ್’ ಎಂಬ ಜಾಹೀರಾತನ್ನು ನಂಬಿ ಹೆಚ್ಚು ಹಣ ಕೊಟ್ಟವರು, ಪರಿಸರಕ್ಕೆ ಒಳ್ಳೆಯದಾಗಲೆಂದೇ ಅದನ್ನು ಕೊಂಡವರು, ಬೆಳಗಾಗುವುದರೊಳಗೆ ಮೋಸಹೋದವರೂ ಆದರು, ದಿನವೂ ಗಾಳಿ ಕೆಡಿಸುತ್ತಿದ್ದವರೂ ಆದರು. ಅಮೆರಿಕದಲ್ಲಿ 2016ರ ಒಪ್ಪಂದದಂತೆ ಕಂಪನಿ ಕಾರನ್ನು ಹಗರಣಕ್ಕೆ ಮುಂಚಿನ ಬೆಲೆಗೆ ವಾಪಸು ಕೊಳ್ಳಬೇಕಾಯಿತು ಅಥವಾ ಸರಿಪಡಿಸಿಕೊಡಬೇಕಾಯಿತು, ಅದರ ಮೇಲೆ ಬಹುತೇಕ ಮಾಲೀಕರಿಗೆ 5,100ರಿಂದ 10,000 ಡಾಲರುಗಳವರೆಗೆ ಪರಿಹಾರವನ್ನೂ ಕೊಡಬೇಕಾಯಿತು. ಜರ್ಮನಿಯಲ್ಲಿ ಮಾಲೀಕರು ವರ್ಷಗಟ್ಟಲೆ ಕೋರ್ಟು ಅಲೆದರು. 2014ರಲ್ಲಿ 31,490 ಯೂರೋ ಕೊಟ್ಟು ಹಳೆಯ ಕಾರೊಂದನ್ನು ಕೊಂಡಿದ್ದ ಒಬ್ಬರ ಮೊಕದ್ದಮೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ 2020ರ ಮೇ 25ರಂದು, ಓಡಿಸಿದ ಕಿಲೋಮೀಟರುಗಳ ಬಾಬ್ತು ಹಿಡಿದುಕೊಂಡು ಉಳಿದ ಹಣವನ್ನು ಹಿಂದಿರುಗಿಸಬೇಕೆಂದು ತೀರ್ಪು ಕೊಟ್ಟಿತು. ಆ ಕಾರಿನ ಮಾದರಿಯ ಹೆಸರು ಶರಾನ್. ಶರಣಬಸವೇಶ್ವರರ ಊರಿನಲ್ಲಿ ಕುಳಿತು ಅದನ್ನು ಓದಿದಾಗ ನಗು ಬಂದದ್ದು ನಿಜ.

ನಮ್ಮಲ್ಲಿ ಪುಣೆಯ ವಾಹನ ಸಂಶೋಧನಾ ಸಂಸ್ಥೆ ರಸ್ತೆಯಲ್ಲಿ ಪರೀಕ್ಷಿಸಿದಾಗ ಆ ಕಾರುಗಳು ಭಾರತದ ಮಿತಿಯ 1.1ರಿಂದ 2.6 ಪಟ್ಟು ಹೊರಹಾಕುತ್ತಿದ್ದವು. 2015ರ ಡಿಸೆಂಬರಿನಲ್ಲಿ 3,23,700 ಕಾರುಗಳನ್ನು ತಂತ್ರಾಂಶ ಬದಲಿಸಲು ವಾಪಸು ಕರೆಯುವುದಾಗಿ ಕಂಪನಿ ಹೇಳಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಎರಡು ತಿಂಗಳಲ್ಲಿ ಸುಪ್ರೀಂ ಕೋರ್ಟು ಬಲವಂತದ ವಸೂಲಿಯನ್ನು ತಡೆಯಿತು. ಆ 500 ಕೋಟಿ ಗಾಳಿಗಾದ ಹಾನಿಯ ಲೆಕ್ಕ. ಕಾರು ಕೊಂಡವನ ಜೇಬಿನ ಲೆಕ್ಕ ಅದರಲ್ಲಿ ಇರಲಿಲ್ಲ. ಇದಕ್ಕೂ ಮೊದಲು, 2013ರಲ್ಲಿ, ಜನರಲ್ ಮೋಟಾರ್ಸ್ ಭಾರತದಲ್ಲಿ 1.14 ಲಕ್ಷ ಟವೇರಾ ಗಾಡಿಗಳನ್ನು ವಾಪಸು ಕರೆದದ್ದು ನಮಗೆ ಮರೆತೇ ಹೋಗಿದೆ. ತಪಾಸಣೆಗೆ ಹೋಗುವ ಗಾಡಿಗೆ ಹೊಗೆ ಕಡಿಮೆಯಿರುವ ಎಂಜಿನ್ನನ್ನು ಆರಿಸಿ ಕೂಡಿಸಲಾಗುತ್ತಿತ್ತೆಂಬುದು ಆಗ ಹೊರಬಂತು. ತೊಗರಿ ಕೊಳ್ಳಲು ಬರುವ ಸಾಹುಕಾರನ ಬಳಿ ಎರಡು ಜೊತೆ ತೂಕದ ಕಲ್ಲುಗಳಿರುತ್ತಿದ್ದವು, ಒಂದು ಇನ್‌ಸ್ಪೆಕ್ಟರಿಗೆ, ಇನ್ನೊಂದು ರೈತರಿಗೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಅಷ್ಟು ದೊಡ್ಡ ಕಾರ್ಖಾನೆ ಮಾಡಿದ್ದೂ ಅದನ್ನೇ.

ಇಲ್ಲಿಯವರೆಗೆ ಬರೆದುದನ್ನು ಶುಕ್ರವಾರ ರಾತ್ರಿ ಓದಿ ನೋಡಿದೆ. ಹುಡುಗನ ಮೇಲೆ, ಸಹೋದ್ಯೋಗಿಯ ಮೇಲೆ, ಜರ್ಮನಿಯ ಮೇಲೆ ನನ್ನ ತೀರ್ಪುಗಳೆಲ್ಲ ಸಾಲಾಗಿ ಬಂದು ನಿಂತಿದ್ದವು. ನನ್ನ ಕಾರಿನ ಬಾನೆಟ್ಟಿನ ಕೆಳಗಿರುವ ಉಕ್ಕಿನ ಪಟ್ಟಿ ಮಾತ್ರ ಎಲ್ಲಿಯೂ ಇರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಕಾರು ಏರಿನಲ್ಲಿ ಎಳೆಯದೆ ಹೋದಾಗ, ನಾನು ಬಹಳ ನಂಬುವ ಉಸ್ತಾದ್ ಅದನ್ನು ನೋಡಿ, “ಇಜಿಆರ್ ಬಂದ್ ಮಾಡ್ತೀನ್ರಿ ಮಾಸ್ತರ್, ಪಿಕಪ್ ಬರ್ತದ, ಎವರೇಜೂ ಬರ್ತದ” ಎಂದಿದ್ದರು. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸಿ ಉರಿಯನ್ನು ತಣಿಸುವ ದಾರಿ ಅದು. ನೈಟ್ರೋಜನ್ ಆಕ್ಸೈಡ್ ಇಳಿಸುವುದಕ್ಕೆಂದೇ ಕಾರ್ಖಾನೆಯವರು ಇಟ್ಟದ್ದು. ಅದಕ್ಕೊಂದು ತೆಳು ಉಕ್ಕಿನ ಪಟ್ಟಿ ಅಡ್ಡ ಹಾಕಿ ಬೋಲ್ಟು ಬಿಗಿದರೆ ಮುಗಿಯಿತು. ಭೌತಶಾಸ್ತ್ರದ ಮೇಷ್ಟ್ರಾದ ನನಗೆ ಅದರ ಅರ್ಥ ಆಗಲೇ ಗೊತ್ತಿತ್ತು. “ಮಾಡ್ರಿ” ಎಂದೆ. ಗಾಡಿ ಮರುದಿನವೇ ಹುಮನಾಬಾದ್ ರಸ್ತೆಯಲ್ಲಿ ಕುದುರೆಯಂತೆ ಓಡಿತು, ಮಸಿಯೂ ಕಡಿಮೆಯಾಯಿತು, ನಾನು ಸಂತೋಷಪಟ್ಟೆ. ಅಂದರೆ ವ್ಯಾನಿನ ಹುಡುಗ ಕೊಳವೆ ತೂರಿಸಿ ಶಾಸ್ತ್ರೋಕ್ತವಾಗಿ ಅಳೆದಿದ್ದರೂ ನನ್ನ ಕಾರು ಬಹುಶಃ ಪಾಸಾಗುತ್ತಿತ್ತು, ಅದೂ ಆ ಪಟ್ಟಿಯ ಕೃಪೆಯಿಂದ. ಅವರಿಗೆ ಸಾಫ್ಟ್‌ವೇರ್ ಬೇಕಾಗಿತ್ತು. ನನಗೆ ಎರಡು ಬೋಲ್ಟುಗಳು ಸಾಕಾದವು. “ಗಾಡಿ ಯಾಕ ತಂದ್ರಿ” ಎಂಬ ಪ್ರಶ್ನೆಗೆ ಬುಧವಾರ ನನ್ನ ಬಳಿ ಇದ್ದ ಉತ್ತರ, ನಾನು ಪ್ರಾಮಾಣಿಕ, ಅದಕ್ಕೇ ತಂದೆ ಎಂಬುದಾಗಿತ್ತು. ಬಾಯಿಬಿಟ್ಟು ಹೇಳದೆ ಇದ್ದದ್ದೇ ಪುಣ್ಯ.

ನಿನ್ನೆ ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಉಸ್ತಾದರ ಶೆಡ್ಡಿಗೆ ಹೋಗಿ, ಆ ಪಟ್ಟಿ ತೆಗೆದುಬಿಡಿ ಎಂದು ಕೇಳಿದೆ. ಅವರು ಕೈಯೊಳಗಿನ ಪಾನಾ ಕೆಳಗಿಟ್ಟು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು.

“ಯಾಕ್ರಿ ಮಾಸ್ತರ್, ಗಾಡಿ ಪಾಸ್ ಆಗಿಲ್ಲೇನು?”

“ಆಗ್ಯದ.”

“ಮತ್ತ? ಪಟ್ಟಿ ತೆಗದ್ರ ಹೊಗಿ ಜಾಸ್ತಿ ಬರ್ತದ ನೋಡ್ರಿ. ನಾಳಿಗಿ ಖರೇನೇ ಚೆಕ್ ಮಾಡೋರ ಬಲ್ಲಿ ಹೋದ್ರ ಫೇಲ್ ಆದ್ರೂ ಆಗ್ತದ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹದಿನೈದು ನಿಮಿಷ ನಮ್ಮಿಬ್ಬರ ನಡುವೆ ಇದೇ ನಡೆಯಿತು. ನಾನು ಯಾಕೆ ತೆಗೆಸಬೇಕೆಂಬುದನ್ನು ಅವರಿಗೆ ತಿಳಿಸಲು ನನ್ನಿಂದಾಗಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಕೊನೆಗೆ, ನಾಲ್ಕು ವರ್ಷ ಮುಚ್ಚಿಟ್ಟ ವಾಲ್ವು ಜಾಮ್ ಆಗಿರುತ್ತದೆ, ಬಿಚ್ಚಿ ಮಸಿ ತೊಳೆಯಬೇಕು, ಕೆಟ್ಟಿದ್ದರೆ ಹೊಸದನ್ನು ಹೈದರಾಬಾದಿನಿಂದ ತರಿಸಬೇಕು, ಖರ್ಚು ಈಗ ಹೇಳಲಾಗದು ಎಂದರು. ಗಾಡಿಯನ್ನು ಅಲ್ಲಿಯೇ ಬಿಟ್ಟು ಆಟೋ ಹಿಡಿದು ಮನೆಗೆ ಬಂದೆ. ಪ್ರಮಾಣಪತ್ರ ಡ್ಯಾಶ್‌ಬೋರ್ಡಿನೊಳಗೇ ಇದೆ. ಇನ್ನೂ ಆರು ತಿಂಗಳು ನಡೆಯುತ್ತದೆ.