ಪುಟ್ಟ ಕೈಗಳ ತೋಟ: ಬಿತ್ತಿದ ಮೇಲೆ, ಕೊಯ್ಯುವ ಮುಂಚೆ

ಸಣ್ಣ ಮಕ್ಕಳಿಗೆ ಬೀಜ ಬಿತ್ತುವುದು ಇಷ್ಟ. ಕೊಯ್ಯುವುದು ಇನ್ನೂ ಇಷ್ಟ. ಕಷ್ಟ ಇರುವುದು ನಡುವಿನ ದಿನಗಳಲ್ಲಿ. ಬೆಳಿಗ್ಗೆ ಬಿತ್ತಿದ ಬೀಜವನ್ನು ಸಂಜೆ ಅಗೆದು ನೋಡುವ ವಯಸ್ಸು ಅದು. ಅದಕ್ಕೇ ಈ ಸಲ ಆ ನಡುವಿನ ದಿನಗಳಿಗೂ ಕೆಲಸ ಹುಡುಕಿಕೊಂಡಿದ್ದೇವೆ. ನಿಯಮ ಒಂದೇ: ಏನೇ ಕರಕುಶಲ ಮಾಡಿದರೂ ಅದು ಮಕ್ಕಳು ತಾವೇ ನೋಡಿಕೊಳ್ಳುವ ಗಿಡಗಳಿಂದ ಬರಬೇಕು. ಮಿನುಗು ಪುಡಿ, ಪ್ಲಾಸ್ಟಿಕ್ ಹೂವು ಬೇಡ. ಮಗಳಿಗೆ ಆರು ವರ್ಷ, ಮಗನಿಗೆ ಮೂರು ತುಂಬಿದೆ. ಇಲ್ಲಿಯವರೆಗೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ.

ಮಡಿ ಮತ್ತು ಬೀಜ

ಇಬ್ಬರಿಗೂ ಒಂದೊಂದು ಸ್ವಂತ ಮಡಿ, ಜೊತೆಗೆ ಇಬ್ಬರಿಗೂ ಸೇರಿದ್ದು ಇನ್ನೊಂದು. ಇದು ಹೊಸ ಯೋಚನೆ ಅಲ್ಲ. 1840ರಲ್ಲಿ ತಮ್ಮ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್, ಮಕ್ಕಳ ತೋಟವನ್ನು ಹೀಗೇ ಹಂಚಿದ್ದರು: ಪ್ರತಿ ಮಗುವಿಗೂ ಪುಟ್ಟ ಜಾಗ, ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಜಾಗ. ಈಗ ನನಗೂ ಅದು ಸರಿ ಅನ್ನಿಸುತ್ತಿದೆ. ಸ್ವಂತದ ಮಡಿಯಲ್ಲಿ ಮಗ ಏನು ಬೇಕಾದರೂ ಅಗೆಯಬಹುದು, ಅಕ್ಕ ಬೈಯುವಂತಿಲ್ಲ.

ಬೀಜ ಆರಿಸುವಾಗ ಬೆರಳಿಗೆ ಸಿಗುವ ಗಾತ್ರ ನೋಡಿದೆವು. ಬೀನ್ಸ್ ಮತ್ತು ಸೂರ್ಯಕಾಂತಿ ದೊಡ್ಡ ಬೀಜ. ಚೆಂಡು ಹೂವಿನದು ಉದ್ದ ಕಡ್ಡಿಯ ಹಾಗಿರುತ್ತೆ, ಹಿಡಿಯುವುದು ಸುಲಭ. ಮೂಲಂಗಿ ಬೀಜ ಸಣ್ಣದಾದರೂ ಅದನ್ನು ಬಿಡುವ ಹಾಗಿಲ್ಲ. 3ರಿಂದ 5 ದಿನಕ್ಕೆ ಮೊಳಕೆ, ದುಂಡಗಿನ ಸಣ್ಣ ತಳಿಯಾದರೆ 25–30 ದಿನಕ್ಕೆ ಗಡ್ಡೆ. ಇಷ್ಟು ಬೇಗ ಫಲ ಕೊಡುವ ಗಿಡ ಒಂದಾದರೂ ಇರಲೇಬೇಕು. ಆಳ ಅಳೆಯಲು ಮಕ್ಕಳ ಬೆರಳೇ ಸಾಕು. ಬೀನ್ಸ್, ಸೂರ್ಯಕಾಂತಿಗೆ ಮೊದಲ ಗೆಣ್ಣಿನಷ್ಟು, ಮೂಲಂಗಿಗೆ ಉಗುರಿನಷ್ಟು.

ನೀರಿಗೆ ಬಾಟಲಿ. ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಕೊಟ್ಟಿದ್ದೇವೆ. ಮಕ್ಕಳು ನೀರು ಜಾಸ್ತಿ ಹಾಕುತ್ತಾರೆ, ಅದು ಪ್ರೀತಿಯಿಂದಲೇ. ಆದರೆ ಮಣ್ಣು ಸದಾ ಒದ್ದೆ ಇದ್ದರೆ ಎಳೆ ಸಸಿಯ ಬುಡ ಶಿಲೀಂಧ್ರದಿಂದ ಕೊಳೆತು ಬೀಳುತ್ತೆ. "ಬೆರಳಿಟ್ಟು ನೋಡು, ಒಣಗಿದ್ದರೆ ಮಾತ್ರ ಹಾಕು" ಅನ್ನುವುದನ್ನು ಮಗ ಈಗ ತಾನೇ ಹೇಳಿಕೊಂಡು ಮಾಡುತ್ತಾನೆ.

ಗಾಜಿನ ಲೋಟದ ಬೀನ್ಸ್

ಮಣ್ಣಿನೊಳಗೆ ನಡೆಯುವುದು ಕಾಣುವುದಿಲ್ಲ ಅಂತಲೇ ಅಲ್ವಾ ಅವರು ಅಗೆಯುವುದು? ಹಾಗಾಗಿ ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಒತ್ತಿ, ಗಾಜಿಗೂ ಕಾಗದಕ್ಕೂ ನಡುವೆ ನೆನೆಸಿದ ಕಾಳುಗಳನ್ನು ಸಿಕ್ಕಿಸಿದೆವು. ಅವತ್ತಿನಿಂದ ಮಡಿ ಅಗೆಯುವುದು ನಿಂತಿತು.

ಮೊದಲು ಬಂದದ್ದು ಬೇರು. ಎಲೆ ಬರುತ್ತೆ ಅಂತ ಕಾದಿದ್ದ ಮಗಳಿಗೆ ಆಶ್ಚರ್ಯ. ಬೇರು ಒಂದು ಬೆರಳು ಉದ್ದವಾದ ಮೇಲೆ ಲೋಟವನ್ನು ಅಡ್ಡ ಮಲಗಿಸಿದೆವು. ಮಾರನೇ ದಿನ ನೋಡಿದರೆ ಬೇರಿನ ತುದಿ ಮತ್ತೆ ನೆಲದ ಕಡೆಗೆ ಬಾಗಿತ್ತು.

"ಅಮ್ಮಾ, ಕೆಳಗೆ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಕಣ್ಣಿಲ್ವಲ್ಲ!"

ಬೇರಿನ ತುದಿಯ ಕೋಶಗಳೊಳಗೆ ಪಿಷ್ಟದ ಸಣ್ಣ ಕಣಗಳಿರುತ್ತವೆ. ಭಾರಕ್ಕೆ ಅವು ಕೆಳಗೆ ಕೂರುತ್ತವೆ. ಯಾವ ಕಡೆ ಕೂತವೋ ಅದೇ ಕೆಳಗು ಅಂತ ಬೇರಿಗೆ ತಿಳಿಯುತ್ತೆ. ಮರಳು ತುಂಬಿದ ಬಾಟಲಿಯನ್ನು ಅಡ್ಡ ತಿರುಗಿಸಿ ತೋರಿಸಿದಾಗ ಅವಳಿಗೆ ತಟ್ಟನೆ ಹೊಳೆಯಿತು. ಆಮೇಲೆ ಲೋಟವನ್ನು ಎಷ್ಟು ಸಲ ತಿರುಗಿಸಿದಳೋ! ಬೇರು ಅಂಕುಡೊಂಕಾಗಿ ಬೆಳೆಯಿತು, ಅವಳು ಅದರ ಚಿತ್ರ ಬರೆದು ಗೋಡೆಗೆ ಅಂಟಿಸಿದಳು. ಮಾಡಿದ್ದರಲ್ಲೆಲ್ಲ ನನಗೆ ಇದೇ ಹೆಚ್ಚು ಖುಷಿ ಕೊಟ್ಟಿತು.

ಎಲೆ, ಹೂವು, ಬಣ್ಣ

ಎಲೆಯನ್ನು ನರ ಮೇಲೆ ಬರುವ ಹಾಗೆ ಇಟ್ಟು, ಮೇಲೆ ತೆಳು ಕಾಗದ ಹಾಸಿ, ಕ್ರೆಯಾನ್ ಅಡ್ಡ ಹಿಡಿದು ಉಜ್ಜುವುದು ಎಲ್ಲರಿಗೂ ಗೊತ್ತು. ಬೀನ್ಸ್ ಎಲೆ ಮತ್ತು ಹುಲ್ಲಿನ ಎಲೆ ಎರಡನ್ನೂ ಪಕ್ಕಪಕ್ಕ ಉಜ್ಜಿ ನೋಡಿ. ಒಂದರಲ್ಲಿ ಬಲೆ, ಇನ್ನೊಂದರಲ್ಲಿ ಉದ್ದುದ್ದ ಗೆರೆ. ಮೊಳಕೆಯಲ್ಲಿ ಎರಡು ಬೀಜದಳ ಇದ್ದದ್ದಕ್ಕೆ ಬಲೆ, ಒಂದೇ ಇದ್ದದ್ದಕ್ಕೆ ಗೆರೆ ಅಂತ ಮಗಳು ಈಗ ಕಂಡ ಕಂಡ ಗಿಡಗಳನ್ನು ವಿಂಗಡಿಸುತ್ತಿದ್ದಾಳೆ.

ಹೂ ಒಣಗಿಸುವಾಗ ಚೆಂಡು ಹೂವನ್ನು ಇಡಿಯಾಗಿ ಪುಸ್ತಕದಲ್ಲಿ ಇಡಬಾರದು. ದಪ್ಪ ಇರುವುದರಿಂದ ಬೂಷ್ಟು ಹಿಡಿಯುತ್ತೆ. ಎಸಳು ಬಿಡಿಸಿ, ಪತ್ರಿಕೆಯ ಕಾಗದದ ನಡುವೆ ಇಟ್ಟು, ಮೊದಮೊದಲು ದಿನಾ ಕಾಗದ ಬದಲಾಯಿಸಿದರೆ ಎರಡು ಮೂರು ವಾರದಲ್ಲಿ ಚೆನ್ನಾಗಿ ಒಣಗುತ್ತೆ. ಹಳದಿ, ಕೇಸರಿ ಬಣ್ಣ ಹಾಗೇ ಉಳಿಯುತ್ತೆ. ಕೆಂಪು ಹೂಗಳು ಬೇಗ ಕಂದಾಗುತ್ತವೆ.

ಬಟ್ಟೆಗೆ ಅಚ್ಚು ಹಾಕಿದ್ದು ಬೇರೆಯೇ ಸಂಭ್ರಮ. ಹತ್ತಿ ಬಟ್ಟೆಯನ್ನು ಮೊದಲೇ ಪಟಿಕದ ನೀರಿನಲ್ಲಿ ನೆನೆಸಿ ಒಣಗಿಸಿದ್ದೆ. ಅದು ಬಣ್ಣವನ್ನು ನೂಲಿಗೆ ಹಿಡಿದಿಡುತ್ತೆ. ಪಟಿಕದ ಕೆಲಸ ದೊಡ್ಡವರದ್ದೇ. ಎಸಳು, ಎಲೆಗಳನ್ನು ಜೋಡಿಸಿ, ಮೇಲೆ ಕಾಗದ ಮುಚ್ಚಿ, ನುಣುಪಾದ ಕಲ್ಲಿನಿಂದ ಕುಟ್ಟುವುದು ಮಕ್ಕಳದ್ದು. ಮಗನಿಗೆ ಕುಟ್ಟುವುದೇ ಮುಖ್ಯ, ಅಚ್ಚು ಬಂತೋ ಇಲ್ಲವೋ ಲೆಕ್ಕಕ್ಕಿಲ್ಲ.

ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ ನೀಲಿ ತೆಗೆದು, ಅದನ್ನು ಕಾಗದಕ್ಕೆ ಬಳಿದು ಒಣಗಿಸಿದೆವು. ಆ ಮೇಲೆ ನಿಂಬೆರಸದಲ್ಲಿ ಅದ್ದಿದ ಕುಂಚದಿಂದ ಬರೆದರೆ ಗೆರೆ ನೇರಳೆ, ಗುಲಾಬಿ ಆಗುತ್ತೆ. ಅಡುಗೆ ಸೋಡಾ ನೀರಿನಿಂದ ಬರೆದರೆ ಹಸಿರಿನ ಕಡೆಗೆ ತಿರುಗುತ್ತೆ. ಹುಳಿ ಇದ್ದರೆ ಒಂದು ಬಣ್ಣ, ಸೋಡಾ ಇದ್ದರೆ ಇನ್ನೊಂದು. ಮೂರು ವರ್ಷದವನಿಗೆ ಅಷ್ಟು ಸಾಕು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಸರ ಪೋಣಿಸಲು ಬೀಜ ಹುಡುಕುವಾಗ ಗುಲಗಂಜಿ ತುಂಬಾ ಚೆಂದ ಕಾಣುತ್ತೆ. ಬೇಡವೇ ಬೇಡ. ಅದರೊಳಗಿನ ಅಬ್ರಿನ್ ಭಾರೀ ವಿಷ. ಗಟ್ಟಿ ಸಿಪ್ಪೆ ಒಡೆದರೆ, ತೂತು ಕೊರೆದರೆ ಅಪಾಯ ಇನ್ನೂ ಜಾಸ್ತಿ. ಹರಳು ಬೀಜ, ದತ್ತೂರಿ, ಕಣಗಿಲೆ ಕೂಡ ಮಕ್ಕಳ ಕೈಗೆ ಕೊಡುವಂಥವಲ್ಲ. ಎಲ್ಲವನ್ನೂ ಬಾಯಿಗಿಡುವ ಮಗು ಮನೆಯಲ್ಲಿದ್ದರೆ ಗೊತ್ತಿಲ್ಲದ ಯಾವ ಬೀಜವೂ ಬೇಡ. ನಾವು ಗಟ್ಟಿ ಕಾಗದವನ್ನು ಸುರುಳಿ ಸುತ್ತಿ ಮಣಿ ಮಾಡಿ, ಅದರ ಮೇಲೆ ಒಣ ಎಸಳು ಅಂಟಿಸಿದೆವು.

ಈಗ ಎಲ್ಲಿದ್ದೇವೆ

ಮೂಲಂಗಿ ಕಿತ್ತಾಯಿತು. ಮಗನ ಮಡಿಯದ್ದು ಒಂದೊಂದೂ ಒಂದೊಂದು ಆಕಾರ, ಕಲ್ಲಿಗೆ ತಾಗಿ ಕವಲೊಡೆದಿದ್ದವು. ಅವನಿಗೆ ಅವೇ ಇಷ್ಟ, ಕಾಲಿದೆ ಅಂತ. ಕೆಲವನ್ನು ಕೀಳದೆ ಬಿಟ್ಟಿದ್ದೇವೆ. ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಆಗುವುದನ್ನೂ ನೋಡಬೇಕಲ್ಲ.

ಬೀನ್ಸ್ ಬಳ್ಳಿಗೆ ಹೇನು ಬಂತು. ಔಷಧಿ ಹೊಡೆಯಲಿಲ್ಲ, ಭೂತಗನ್ನಡಿ ಕೊಟ್ಟೆ. ಇರುವೆಗಳು ಹೇನಿನ ಹಿಂದೆ ಸಿಹಿ ಹನಿಗಾಗಿ ಕಾದು ನಿಲ್ಲುವುದನ್ನು ಇಬ್ಬರೂ ಮಂಡಿಯೂರಿ ನೋಡಿದರು. ಲೇಡಿಬಗ್ ಮರಿಗಳೂ ಬಂದಿವೆ, ಅವು ಹೇನು ತಿನ್ನುತ್ತವೆ.

ಸೂರ್ಯಕಾಂತಿ ಇನ್ನೂ ಮೊಗ್ಗು. ಎಳೆಯ ಮೊಗ್ಗು ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಮುಖ ಮಾಡಿ, ರಾತ್ರಿ ಮತ್ತೆ ಪೂರ್ವಕ್ಕೆ ತಿರುಗುತ್ತೆ. ಪೂರ್ತಿ ಅರಳಿದ ಮೇಲೆ ಪೂರ್ವಕ್ಕೇ ನಿಂತುಬಿಡುತ್ತೆ. ಮಗಳು ದಿನಾ ಎರಡು ಹೊತ್ತು ಅದರ ದಿಕ್ಕಿಗೆ ಒಂದು ಬಾಣ ಬರೆಯುತ್ತಿದ್ದಾಳೆ. ಬಾಣ ತಿರುಗುವುದು ಯಾವತ್ತು ನಿಲ್ಲುತ್ತೆ ಅಂತ ಪತ್ತೆ ಮಾಡುವ ಕೆಲಸ ಅವಳದ್ದು.

ಮುಂದಿನ ಕೆಲಸ ಚೀಲ ಹೊಲಿಯುವುದು. ಹೂವಿನ ಹಿಂಭಾಗ ಹಳದಿಯಿಂದ ಕಂದಾಗುವವರೆಗೆ ಬೀಜ ಬಲಿಯಬೇಕು. ಅಷ್ಟರಲ್ಲಿ ಹಕ್ಕಿಗಳು ಬಿಡುವುದಿಲ್ಲ. ಅಚ್ಚು ಹಾಕಿದ ಬಟ್ಟೆಯನ್ನೇ ಸಡಿಲವಾದ ಚೀಲ ಮಾಡಿ ಹೂವಿಗೆ ಕಟ್ಟೋಣ ಅಂತಿದ್ದೇವೆ. ಎಷ್ಟು ಹೂವಿಗೆ ಕಟ್ಟಬೇಕು ಅನ್ನುವುದು ತೀರ್ಮಾನ ಆಗಿಲ್ಲ. ಮಗ ತನ್ನ ಮಡಿಯದ್ದೆಲ್ಲ ಹಕ್ಕಿಗೇ ಅನ್ನುತ್ತಿದ್ದಾನೆ.